ಅಗ್ಗದ ಕಂಪ್ರೆಸರ್ ಪೆಡಲ್ ಆರಿಸುವುದು ಹೇಗೆ?

ನಮ್ಮ ಕಾಲೇಜಿನಲ್ಲಿ ಗಿಟಾರ್ ನುಡಿಸುವವರು ನನಗೆ ಗೊತ್ತಿರುವಂತೆ ಐದಾರು ಮಂದಿ. ಅವರಲ್ಲಿ ಮೂವರು ಈ ವರ್ಷ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಕಂಪ್ರೆಸರ್ ತಗೊಳ್ಬೇಕಾ? ತಗೊಂಡ್ರೆ ಯಾವುದು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಗಿಟಾರ್ ಮುಟ್ಟದವರೂ ಓದಬಹುದು. ಇದರಲ್ಲಿ ಸ್ವಲ್ಪ ಭಾಗ ನಮ್ಮ ಕಾಮರ್ಸ್ ಪಾಠವೇ.

ರಜೆಯಲ್ಲಿ ಮತ್ತು ಭಾನುವಾರಗಳಲ್ಲಿ ನಾನು ದೊಡ್ಡಪ್ಪನ ಮಗ ಭಾಯಿಜಾನ್ ನಡೆಸುವ ಸಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆಯ ಆರತಕ್ಷತೆ, ಹಬ್ಬದ ರಸಮಂಜರಿ, ರಾಜ್ಯೋತ್ಸವ, ಹೀಗೆ ಚನ್ನಗಿರಿ ಸುತ್ತಮುತ್ತ ಕಾರ್ಯಕ್ರಮಗಳಿರುತ್ತವೆ. ಅಲ್ಲಿ ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಕ್ಲೀನ್ ಗಿಟಾರ್. ಅಂದರೆ ಡಿಸ್ಟಾರ್ಷನ್ ಇಲ್ಲದೆ, ತಂತಿಯ ಸ್ವರ ಇದ್ದ ಹಾಗೆಯೇ ಕೇಳಿಸುವ ನಾದ. ನಿಧಾನದ ಹಾಡಿನಲ್ಲಿ ಒಂದೊಂದೇ ತಂತಿ ಬಿಡಿಸುತ್ತೇನೆ, ಪಲ್ಲವಿ ಬಂದಾಗ ಎಲ್ಲ ತಂತಿ ಸೇರಿಸಿ ಬಾರಿಸುತ್ತೇನೆ.

ತೊಂದರೆ ಇಲ್ಲೇ. ಬಾರಿಸಿದಾಗ ಗಿಟಾರ್ ಗಾಯಕರ ಮೇಲೆ ಹೋಗುತ್ತದೆ, ಸೌಂಡ್‌ನವರು ನನ್ನ ಫೇಡರ್ ಇಳಿಸುತ್ತಾರೆ. ಮುಂದಿನ ಹಾಡಿನಲ್ಲಿ ತಂತಿ ಬಿಡಿಸಿದರೆ ಅದು ಯಾರಿಗೂ ಕೇಳುವುದಿಲ್ಲ. ನಮ್ಮ ಕೀಬೋರ್ಡ್‌ನಲ್ಲಿ ಗಿಟಾರ್ ಟೋನ್ ಕೂಡ ಇದೆ. ಭಾಯಿಜಾನ್ ಒಂದು ದಿನ ಮೆಲ್ಲಗೆ ಹೇಳಿದರು: "ಕೇಳದ ಗಿಟಾರ್‌ಗೆ ಒಬ್ಬರ ಸಂಭಾವನೆ ಕೊಡೋದು ಕಷ್ಟ ಕಣೋ." ಆ ಮಾತಿನ ಅರ್ಥ ನನಗೆ ಆಯಿತು.

ಕೈಯಲ್ಲಿ ಇದ್ದದ್ದು 4,000 ರೂಪಾಯಿ. ಅಡಿಕೆ ಸುಗ್ಗಿಯಲ್ಲಿ, ಖೇಣಿ ಹಿಡಿಯುವ ಮಾಮು ಹತ್ತಿರ ಸುಲಿದ ಅಡಿಕೆಯ ತೂಕದ ಲೆಕ್ಕ ಬರೆದು ಕೂಡಿಟ್ಟದ್ದು. ಅದರಲ್ಲೇ ಬಿ.ಕಾಂ. ಪ್ರವೇಶಕ್ಕೂ ಸ್ವಲ್ಪ ಉಳಿಯಬೇಕು. ಪೆಡಲ್ ಬೇಕು ಎಂದಾಗ ಅಬ್ಬಾ ಕೇಳಿದರು: "ಏ ಡಬ್ಬಾ ಕ್ಯಾ ಕರ್ತಾ?" ಜೋರಾದ ಸದ್ದನ್ನು ಕಡಿಮೆ ಮಾಡುತ್ತದೆ ಎಂದೆ. "ಸದ್ದು ಜಾಸ್ತಿ ಮಾಡೋದಕ್ಕೆ ದುಡ್ಡು ಕೊಡೋದು ಗೊತ್ತು, ಕಮ್ಮಿ ಮಾಡೋದಕ್ಕೂ ಕೊಡ್ತಾರಾ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೇಳಲು ನಾನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕಾಯಿತು.

ಆದಾಯ ತೆರಿಗೆಯಂತೆ ಒಂದು ಲೆಕ್ಕ

ಕಂಪ್ರೆಸರ್ ಕೆಲಸ ಮಾಡುವುದು ಆದಾಯ ತೆರಿಗೆಯ ರೀತಿಯಲ್ಲಿ. ಒಂದು ಮಿತಿಯವರೆಗೆ ತೆರಿಗೆ ಇಲ್ಲ. ಮಿತಿ ದಾಟಿದ ಮೊತ್ತದ ಮೇಲೆ ಮಾತ್ರ ತೆರಿಗೆ. ಈ ಮಿತಿಗೆ ಥ್ರೆಶೋಲ್ಡ್ ಎನ್ನುತ್ತಾರೆ. ದರಕ್ಕೆ ರೇಷಿಯೋ ಎನ್ನುತ್ತಾರೆ. ರೇಷಿಯೋ 4:1 ಎಂದರೆ ಮಿತಿಯ ಮೇಲೆ ಬಂದ ಪ್ರತಿ 4 ಡೆಸಿಬೆಲ್‌ನಲ್ಲಿ 1 ಮಾತ್ರ ಹೊರಗೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. ನಾನು ಮೆಲ್ಲಗೆ ಮೀಟಿದ ತಂತಿ ಮಿತಿಗಿಂತ 10 ಡೆಸಿಬೆಲ್ ಕೆಳಗಿದೆ, ಜೋರಾಗಿ ಬಾರಿಸಿದ್ದು ಮಿತಿಗಿಂತ 12 ಡೆಸಿಬೆಲ್ ಮೇಲಿದೆ ಎಂದುಕೊಳ್ಳಿ. ಎರಡರ ನಡುವಿನ ಅಂತರ 22. ಕಂಪ್ರೆಸರ್ ಮೆಲ್ಲಗಿನದನ್ನು ಮುಟ್ಟುವುದಿಲ್ಲ. ಮೇಲಿನ 12 ಮಾತ್ರ 4:1 ಲೆಕ್ಕದಲ್ಲಿ 3 ಆಗುತ್ತದೆ. ಈಗ ಅಂತರ 13. ಅಂದರೆ 9 ಡೆಸಿಬೆಲ್ ಕಡಿಮೆಯಾಯಿತು. ಈಗ ಲೆವೆಲ್ ನಾಬ್ ತಿರುಗಿಸಿ ಎರಡನ್ನೂ ಒಟ್ಟಿಗೆ 9 ಡೆಸಿಬೆಲ್ ಏರಿಸಿದರೆ, ಜೋರಿನದು ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ, ಮೆಲ್ಲಗಿನದು 9 ಡೆಸಿಬೆಲ್ ಮೇಲೆ ಬರುತ್ತದೆ. ಅಬ್ಬಾ ಅವರ ಪ್ರಶ್ನೆಗೆ ಉತ್ತರ ಇದೇ: ಜೋರಿನದನ್ನು ತಗ್ಗಿಸುವುದು ಮೆಲ್ಲಗಿನದನ್ನು ಎತ್ತುವುದಕ್ಕೆ ಜಾಗ ಮಾಡಲು.

ಇದು ಗಿಟಾರ್‌ನವರು ಕಂಡುಹಿಡಿದ ವಿದ್ಯೆಯಲ್ಲ. ರೇಡಿಯೋ ಪ್ರಸಾರದಲ್ಲಿ 1930ರ ದಶಕದಿಂದಲೇ ಇದೆ. ಮೆಲ್ಲಗೆ ಮಾತನಾಡುವವರೂ ಜೋರಾಗಿ ಹಾಡುವವರೂ ಒಂದೇ ರೇಡಿಯೋದಲ್ಲಿ ಸಮವಾಗಿ ಕೇಳಬೇಕಲ್ಲ, ಅದಕ್ಕೆ.

ಉಳಿದ ಎರಡು ಪದಗಳು ಅಟ್ಯಾಕ್ ಮತ್ತು ರಿಲೀಸ್. ಸದ್ದು ಮಿತಿ ದಾಟಿದ ಮೇಲೆ ಹಿಡಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಅಟ್ಯಾಕ್. ಹಿಡಿದದ್ದನ್ನು ಬಿಡಲು ಎಷ್ಟು ಹೊತ್ತು ಎಂಬುದು ರಿಲೀಸ್. ಎರಡೂ ಮಿಲಿಸೆಕೆಂಡುಗಳ ಲೆಕ್ಕ. ಕ್ಲೀನ್ ಗಿಟಾರ್‌ಗೆ ಅಟ್ಯಾಕ್ ಬಹಳ ಮುಖ್ಯ. ಪಿಕ್ ತಂತಿಗೆ ತಾಗುವ ಮೊದಲ ಕ್ಷಣದ 'ಟಿಣ್' ಎನ್ನುವ ಅಂಚನ್ನೂ ಪೆಡಲ್ ಹಿಡಿದುಬಿಟ್ಟರೆ ನಾದ ಬಟ್ಟೆ ಮುಚ್ಚಿದ ಹಾಗೆ ಮಂಕಾಗುತ್ತದೆ. ಆ ಅಂಚನ್ನು ಬಿಟ್ಟು ನಂತರ ಹಿಡಿದರೆ ಸ್ವರ ಸ್ಪಷ್ಟವಾಗಿಯೂ ಇರುತ್ತದೆ, ಸಮವಾಗಿಯೂ ಇರುತ್ತದೆ.

ಡಿಸ್ಟಾರ್ಷನ್ ಹಾಕಿ ನುಡಿಸುವವರಿಗೆ ಇದರ ಅಗತ್ಯ ಕಡಿಮೆ. ಡಿಸ್ಟಾರ್ಷನ್ ತಾನೇ ಸಿಗ್ನಲ್‌ನ ತಲೆ ಕತ್ತರಿಸಿ ಸಮ ಮಾಡಿಬಿಡುತ್ತದೆ. ಕ್ಲೀನ್‌ನಲ್ಲಿ ಹಾಗೆ ಮುಚ್ಚಿಡುವವರು ಯಾರೂ ಇಲ್ಲ. ಕೈಯಲ್ಲಿ ಇದ್ದದ್ದೆಲ್ಲ ಹೊರಗೆ ಬರುತ್ತದೆ.

ಗದ್ದಲವೂ ಏರುತ್ತದೆ

ಮೇಲಿನ ಲೆಕ್ಕದಲ್ಲಿ ಒಂದು ಖರ್ಚು ಅಡಗಿದೆ. ಮೆಲ್ಲಗಿನದು 9 ಡೆಸಿಬೆಲ್ ಏರಿತು ಎಂದೆ. ಗಿಟಾರ್‌ನ ಗುಂಯ್ ಸದ್ದು, ವಯರ್‌ನ ಸರಸರ ಸದ್ದು ಇವೂ ಮೆಲ್ಲಗಿನ ಸದ್ದುಗಳೇ. ಅವೂ ಅಷ್ಟೇ ಏರುತ್ತವೆ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ 50 ಹರ್ಟ್ಜ್ ಕರೆಂಟಿನ ಗುಂಯ್ ಅನ್ನು ಬೇಗ ಹಿಡಿಯುತ್ತದೆ. ಪೆಂಡಾಲ್‌ನಲ್ಲಿ ಜನರೇಟರ್, ಸೀರಿಯಲ್ ಲೈಟ್, ಅರ್ಥಿಂಗ್ ಇಲ್ಲದ ಬೋರ್ಡ್ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ನಮ್ಮಂಥವರು ಕೇಳಬೇಕಾದ ಪ್ರಶ್ನೆ "ಎಷ್ಟು ಸಸ್ಟೇನ್ ಕೊಡುತ್ತದೆ" ಎಂಬುದಲ್ಲ, "ಎಷ್ಟು ಮೌನವಾಗಿರುತ್ತದೆ" ಎಂಬುದು.

ಅಂಗಡಿಯಲ್ಲಿ ಸಿಗುವವು

1970ರ ದಶಕದಲ್ಲಿ ಅಮೆರಿಕದ ಎಂಎಕ್ಸ್‌ಆರ್ ಕಂಪನಿ ತಂದ ಡೈನಾ ಕಾಂಪ್‌ನಲ್ಲಿ ಎರಡೇ ನಾಬ್: ಔಟ್‌ಪುಟ್ ಮತ್ತು ಸೆನ್ಸಿಟಿವಿಟಿ. ಜಪಾನಿನ ಬಾಸ್ ಕಂಪನಿಯ ಸಿಎಸ್-3 1986ರಿಂದ ಇದೆ. ಅದರಲ್ಲಿ ಲೆವೆಲ್, ಟೋನ್, ಅಟ್ಯಾಕ್, ಸಸ್ಟೇನ್ ಎಂಬ ನಾಲ್ಕು. ಇವೆರಡೂ ಹೆಸರುವಾಸಿ, ಆದರೆ ಹೊಸದಾಗಿ ಕೊಂಡರೆ ನನ್ನ ಬಜೆಟ್‌ನ ಎರಡು ಮೂರು ಪಟ್ಟು.

ಅಗ್ಗದವುಗಳಲ್ಲಿ ನಾನು ನೋಡಿದ್ದು ಮೂರು. ಬೆಹ್ರಿಂಗರ್ ಸಿಎಸ್400: ಸಿಎಸ್-3ರಂತೆಯೇ ನಾಲ್ಕು ನಾಬ್, ಆದರೆ ಪ್ಲಾಸ್ಟಿಕ್ ಮೈ. ಮನೆಯಲ್ಲಿ ನುಡಿಸುವವರಿಗೆ ಸಾಕು, ವೇದಿಕೆಯಲ್ಲಿ ದಿನಾ ತುಳಿಯುವವರು ಯೋಚಿಸಬೇಕು. ಜೋಯೋ ಜೆಎಫ್-10: ಲೋಹದ ಮೈ, ಲೆವೆಲ್, ಅಟ್ಯಾಕ್, ಸಸ್ಟೇನ್ ಎಂಬ ಮೂರು ನಾಬ್. ಮೂವರ್ ಯೆಲ್ಲೋ ಕಾಂಪ್: ಅಂಗೈಗಿಂತ ಚಿಕ್ಕದು, ಆಪ್ಟಿಕಲ್ ಬಗೆಯದು. ಆಪ್ಟಿಕಲ್ ಎಂದರೆ ಒಳಗೆ ಒಂದು ಪುಟ್ಟ ದೀಪ, ಅದರ ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್. ಸದ್ದು ಜೋರಾದರೆ ಬೆಳಕು ಹೆಚ್ಚುತ್ತದೆ, ಸಿಗ್ನಲ್ ತಗ್ಗುತ್ತದೆ. ಈ ಬಗೆಯವು ಮೃದುವಾಗಿ ಹಿಡಿದು ಮೃದುವಾಗಿ ಬಿಡುತ್ತವೆ. ಆದರೆ ಅಷ್ಟು ಚಿಕ್ಕ ಡಬ್ಬಿಯಲ್ಲಿ ಬ್ಯಾಟರಿಗೆ ಜಾಗವಿಲ್ಲ. ಬ್ಯಾಟರಿ ಹಾಕುವ ಪೆಡಲ್ ಆದರೆ ಕರೆಂಟ್ ಗದ್ದಲದ ಜಾಗದಲ್ಲಿ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಸಬಹುದು. ನಮ್ಮ ಕಡೆಯ ಕಾರ್ಯಕ್ರಮಗಳಿಗೆ ಇದು ಸಣ್ಣ ವಿಷಯವಲ್ಲ.

ದುಬಾರಿ ಪೆಡಲ್‌ಗಳಲ್ಲಿ ಕೆಲವಕ್ಕೆ ಬ್ಲೆಂಡ್ ಎಂಬ ನಾಬ್ ಇರುತ್ತದೆ. ಹಿಡಿದ ಸದ್ದಿನ ಜೊತೆ ಮೂಲ ಸದ್ದನ್ನೂ ಬೆರೆಸಲು ಅದು. ಕ್ಲೀನ್‌ಗೆ ತುಂಬ ಒಳ್ಳೆಯದು. ಅದು ಇಲ್ಲದ ಪೆಡಲ್‌ನಲ್ಲಿ ಸಸ್ಟೇನ್ ನಾಬ್ ಅನ್ನು ಅರ್ಧಕ್ಕಿಂತ ಕೆಳಗೆ ಇಟ್ಟರೆ ಬಹುಪಾಲು ಕೆಲಸ ಆಗುತ್ತದೆ.

ಐದು ನಿಮಿಷದ ಪರೀಕ್ಷೆ

ನಿಮ್ಮ ಗಿಟಾರನ್ನೇ ಅಂಗಡಿಗೆ ಒಯ್ಯಿರಿ. ನಂತರ ಹೀಗೆ ಮಾಡಿ.

ಒಂದು: ಪೆಡಲ್ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಲೆವೆಲ್ ನಾಬ್ ಹೊಂದಿಸಿ. ಇದನ್ನು ಮಾಡದೆ ಏನನ್ನೂ ತೀರ್ಮಾನಿಸಬೇಡಿ. ಸ್ವಲ್ಪ ಜೋರಾಗಿ ಕೇಳಿದ್ದು ನಮ್ಮ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ.

ಎರಡು: ಮೆಲ್ಲಗೆ ನಾಲ್ಕು ತಂತಿ ಬಿಡಿಸಿ, ತಕ್ಷಣ ಜೋರಾಗಿ ಬಾರಿಸಿ. ಅಂತರ ಕಡಿಮೆಯಾಗಿರಬೇಕು, ಆದರೆ ಪೂರ್ತಿ ಹೋಗಿರಬಾರದು. ಪೂರ್ತಿ ಹೋದರೆ ಹಾಡಿನ ಭಾವವೂ ಹೋಗುತ್ತದೆ.

ಮೂರು: ಪಿಕ್‌ನ ಮೊದಲ ಅಂಚು ಕೇಳುತ್ತಿದೆಯೇ ನೋಡಿ. ಅಟ್ಯಾಕ್ ನಾಬ್ ಎತ್ತ ತಿರುಗಿಸಿದರೆ ಏನಾಗುತ್ತದೆ ಎಂಬುದು ಎಲ್ಲ ಪೆಡಲ್‌ಗಳಲ್ಲೂ ಒಂದೇ ಅಲ್ಲ. ಕಿವಿಯಿಂದಲೇ ತಿಳಿಯಿರಿ.

ನಾಲ್ಕು: ಅಂಗೈಯಿಂದ ಎಲ್ಲ ತಂತಿ ಮುಚ್ಚಿ ಸುಮ್ಮನಿರಿ. ಗದ್ದಲ ಎಷ್ಟು ಮೇಲೆ ಬರುತ್ತದೆ ಕೇಳಿ.

ಐದು: ಒಂದು ಕಾರ್ಡ್ ಬಾರಿಸಿ ತಾನಾಗಿ ಆರಲು ಬಿಡಿ. ಆರುವುದು ನಯವಾಗಿರಬೇಕು. ಅಲೆಯಂತೆ ಏರಿಳಿದರೆ ರಿಲೀಸ್ ಸರಿಯಿಲ್ಲ ಎಂದು ಅರ್ಥ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹೋಲಿಸಬೇಡಿ. ಎಷ್ಟೋ ಮೊಬೈಲ್‌ಗಳು ರೆಕಾರ್ಡ್ ಮಾಡುವಾಗ ತಾವೇ ಸದ್ದನ್ನು ಸಮ ಮಾಡುತ್ತವೆ. ಆಗ ಎಲ್ಲ ಪೆಡಲ್‌ಗಳೂ ಒಂದೇ ತರಹ ಕೇಳುತ್ತವೆ.

ಕೊಳ್ಳುವ ಮುನ್ನ

ಜೂಮ್ ಜಿ1 ಫೋರ್‌ನಂಥ ಮಲ್ಟಿ ಎಫೆಕ್ಟ್ ಪೆಡಲ್ ನಿಮ್ಮಲ್ಲಿದ್ದರೆ ಅದರೊಳಗೇ ಕಂಪ್ರೆಸರ್ ಇದೆ. ಮೊದಲು ಅದನ್ನು ಹಚ್ಚಿ ನೋಡಿ. ಕಾರ್ಯಕ್ರಮಕ್ಕೆ ಬರುವ ಸೌಂಡ್‌ನವರ ಹತ್ತಿರ ಡಿಜಿಟಲ್ ಮಿಕ್ಸರ್ ಇದ್ದರೆ ಅದರಲ್ಲೂ ಸಾಮಾನ್ಯವಾಗಿ ಪ್ರತಿ ಚಾನೆಲ್‌ಗೆ ಕಂಪ್ರೆಸರ್ ಇರುತ್ತದೆ. "ಅಣ್ಣಾ, ಗಿಟಾರ್‌ಗೆ ಸ್ವಲ್ಪ ಹಾಕಿ" ಎಂದು ಕೇಳಿದರೆ ಖರ್ಚೇ ಇಲ್ಲ. ತಂತಿ ಹಳೆಯದಾಗಿದ್ದರೆ ಹೊಸ ಸೆಟ್ ಹಾಕಿ. ತುಕ್ಕು ಹಿಡಿದ ತಂತಿಯ ಸ್ವರ ಬೇಗ ಸಾಯುತ್ತದೆ, ಅದನ್ನು ಯಾವ ಪೆಡಲೂ ಬದುಕಿಸುವುದಿಲ್ಲ. ಮೆಟ್ರೊನೋಮ್ ಇಟ್ಟುಕೊಂಡು ಒಂದು ವಾರ ಬರಿಯ ಬಲಗೈ ಅಭ್ಯಾಸ ಮಾಡಿ. ಎಲ್ಲ ತಂತಿಗೂ ಒಂದೇ ಬಲ ಬೀಳುತ್ತಿದೆಯೇ ಕೇಳಿ. ಕೈ ಸಮವಾದಷ್ಟೂ ಪೆಡಲ್‌ಗೆ ಕೆಲಸ ಕಡಿಮೆ, ಗದ್ದಲವೂ ಕಡಿಮೆ.

ಇಷ್ಟಾದ ಮೇಲೂ ಬೇಕೆನಿಸಿದರೆ ಪೂರ್ತಿ ಲೆಕ್ಕ ಹಾಕಿ. ಪೆಡಲ್‌ನ ಬೆಲೆ ಮಾತ್ರವಲ್ಲ, 9 ವೋಲ್ಟ್ ಅಡಾಪ್ಟರ್, ಪ್ಯಾಚ್ ವಯರ್, ಸಾಗಾಟ ಎಲ್ಲವೂ ಸೇರಬೇಕು. ಅಡಾಪ್ಟರ್‌ನ ಪಿನ್ ನಡುವೆ ನೆಗೆಟಿವ್ ಇರಬೇಕು. ಈ ಮೂರಕ್ಕೂ ಅದೇ ಬೇಕು. ಬಳಸಿದ್ದನ್ನು ಕೊಳ್ಳುವುದಾದರೆ ಕಾಲಿನ ಸ್ವಿಚ್ ಇಪ್ಪತ್ತು ಸಲ ಒತ್ತಿ, ಜ್ಯಾಕ್ ಅಲ್ಲಾಡಿಸಿ, ಬ್ಯಾಟರಿ ಜಾಗದಲ್ಲಿ ಹಸಿರು ತುಕ್ಕು ಇದೆಯೇ ನೋಡಿ. ಜೋಡಿಸುವಾಗ ಗಿಟಾರ್‌ನ ನಂತರ ಮೊದಲು ಕಂಪ್ರೆಸರ್, ಆಮೇಲೆ ಡಿಲೇ, ರಿವರ್ಬ್. ತಿರುಗಾ ಮುರುಗಾ ಮಾಡಿದರೆ ಡಿಲೇಯ ಬಾಲವೂ ಏರಿ ಕಲಸಿಹೋಗುತ್ತದೆ.

ನಾನು ಕೊನೆಗೆ ದಾವಣಗೆರೆಯ ಒಬ್ಬ ಗಿಟಾರ್ ವಾದಕರಿಂದ ಬಳಸಿದ ಜೆಎಫ್-10 ಅನ್ನು 2,200 ರೂಪಾಯಿಗೆ ತಂದೆ. ಅಡಾಪ್ಟರ್, ವಯರ್, ಬ್ಯಾಟರಿ ಸೇರಿ 2,750 ಆಯಿತು. ಉಳಿದ 1,250 ಅಮ್ಮಿಯ ಹತ್ತಿರ ಇದೆ, ಅದು ಬಿ.ಕಾಂ.ನದು. ಅಟ್ಯಾಕ್ ಅನ್ನು ಪಿಕ್‌ನ ಅಂಚು ಕೇಳುವ ಕಡೆ, ಸಸ್ಟೇನ್ ಅನ್ನು ಮೂರನೇ ಒಂದು ಭಾಗಕ್ಕೆ ಇಟ್ಟಿದ್ದೇನೆ. ಕಳೆದ ಕಾರ್ಯಕ್ರಮದಲ್ಲಿ ಸೌಂಡ್‌ನವರು ನನ್ನ ಫೇಡರ್ ಎರಡೇ ಸಲ ಮುಟ್ಟಿದರು. ಭಾಯಿಜಾನ್ ಏನೂ ಹೇಳಲಿಲ್ಲ, ಮುಂದಿನ ತಿಂಗಳ ತಾರೀಖು ಮಾತ್ರ ಹೇಳಿದರು.

ಗೆಳೆಯರೇ, ನನಗೆ ಹಿಡಿಸಿದ್ದು ನಿಮ್ಮ ಗಿಟಾರ್‌ಗೆ ಹಿಡಿಸಬೇಕೆಂದಿಲ್ಲ. ಭಾನುವಾರ ಬಿಟ್ಟು ಯಾವ ದಿನವಾದರೂ ನನ್ನ ಪೆಡಲ್ ಕೇಳಿ. ಒಂದು ರಾತ್ರಿ ಮನೆಗೆ ಒಯ್ದು ನುಡಿಸಿ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ. ಬ್ಯಾಟರಿ ಮಾತ್ರ ನಿಮ್ಮದೇ ತನ್ನಿ.