ಮಂದ್ರಧ್ವನಿಗೆ ಎಷ್ಟು ಅಂಗುಲ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕನ್ನು ರೈತರೂ ಬಡಗಿಗಳೂ ಮಾತ್ರವಲ್ಲದೆ ಕಚೇರಿಗೆ ಹೋಗುವವರೂ ಕುಟುಂಬಸಮೇತ ದೂರಪ್ರಯಾಣ ಕೈಗೊಳ್ಳುವವರೂ ನೆಚ್ಚಿಕೊಂಡಿದ್ದು, ಫೋರ್ಡ್ ಸಂಸ್ಥೆಯ ಎಫ್ ಶ್ರೇಣಿಯ ವಾಹನಗಳು 1977ರಿಂದೀಚೆಗೆ ಆ ದೇಶದ ಟ್ರಕ್ಕುಗಳ ಮಾರಾಟದಲ್ಲಿ ಅಗ್ರಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ದಿನದ ಎಷ್ಟೋ ಗಂಟೆಗಳನ್ನು ಹೆದ್ದಾರಿಯ ಮೇಲೆ ಕಳೆಯುವವರಿಗೆ ಸಂಗೀತವು ಸಹಪ್ರಯಾಣಿಕನಂತಾಗುವುದು ಸಹಜ. ಆದರೆ ಬಾಗಿಲುಗಳಲ್ಲಿ ಅಡಗಿಸಿದ ಸಣ್ಣ ಸ್ಪೀಕರುಗಳು ಗಾಯಕನ ಕಂಠವನ್ನು ಚೆನ್ನಾಗಿ ಮುಟ್ಟಿಸಿದರೂ, ಚಕ್ರಗಳ ಮೊರೆತವನ್ನು ಮೀರಿ ಬೇಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿಯ 41 ಹರ್ಟ್ಸ್ ಸ್ವರವನ್ನಾಗಲಿ, ಪಿಯಾನೋವಿನ ಕೊನೆಯ ಮಂದ್ರಸ್ವರವಾದ 27.5 ಹರ್ಟ್ಸನ್ನಾಗಲಿ ಕೇಳಿಸಲಾರವು. ಈ ಕೊರತೆಯನ್ನು ತುಂಬಲು, ಮಂದ್ರಸ್ವರಗಳಿಗೆಂದೇ ಮೀಸಲಾದ ಸ್ಪೀಕರಾದ ಸಬ್‌ವೂಫರನ್ನು ಕೊಳ್ಳಹೊರಟವನಿಗೆ ಅಂಗಡಿಯಲ್ಲಿ ಎದುರಾಗುವ ಮೊದಲನೆಯ ಪ್ರಶ್ನೆಯೇ ಗಾತ್ರದ್ದು: ಎಂಟು ಅಂಗುಲವೋ, ಹತ್ತೋ, ಹನ್ನೆರಡೋ, ಹದಿನೈದೋ? ಅಂಗುಲದಿಂದ ಆರಂಭಿಸುವುದೇ ತಪ್ಪೆಂಬುದು, ಅಳೆಯಬೇಕಾದುದು ಮೊದಲು ಟ್ರಕ್ಕನ್ನೇ ಹೊರತು ಸ್ಪೀಕರನ್ನಲ್ಲವೆಂಬುದು, ನನ್ನ ಅಭಿಪ್ರಾಯ. ಅದಕ್ಕೆ ಕಾರಣವು ಧ್ವನಿಶಾಸ್ತ್ರದಲ್ಲಿಯೇ ಇದೆ.

ವ್ಯಾಸ ದೊಡ್ಡದಾದಷ್ಟೂ ಧ್ವನಿ ಆಳಕ್ಕಿಳಿಯುವುದೆಂಬ ನಂಬಿಕೆ ನಮಗೆ ಬಂದಿರುವುದು ಚರ್ಮವಾದ್ಯಗಳ ಪರಿಚಯದಿಂದ. ಡೊಳ್ಳಿನ ವಿಶಾಲವಾದ ಮುಖ ಗಂಭೀರವಾಗಿ ಮೊಳಗುತ್ತದೆ, ಡಮರುವಿನ ಕಿರಿಯ ಮುಖ ಏರುದನಿಯಲ್ಲಿ ನುಡಿಯುತ್ತದೆ. ಏಕೆಂದರೆ ಬಿಗಿದ ಚರ್ಮವು ತನ್ನ ಅಗಲ, ಬಿಗಿತ ಮತ್ತು ತೂಕಗಳು ವಿಧಿಸುವ ಕಂಪನದಲ್ಲಿಯೇ ಮಿಡಿಯಬಲ್ಲುದು. ಸ್ಪೀಕರಿನ ಶಂಕುವಾದರೋ ಹೀಗೆ ಸ್ವಂತ ಸ್ವರಕ್ಕೆ ಕಟ್ಟುಬಿದ್ದುದಲ್ಲ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಇಬ್ಬರು ಎಂಜಿನಿಯರರು 1925ರಲ್ಲಿ ಪ್ರಕಟಿಸಿದ ವಿನ್ಯಾಸವು ಇಂದಿಗೂ ತತ್ತ್ವತಃ ಬದಲಾಗದೆ ಉಳಿದಿದ್ದು, ಅದರಲ್ಲಿ ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತೂಗಾಡುವ ತಂತಿಯ ಸುರುಳಿಯೊಳಗೆ ವಿದ್ಯುತ್ಪ್ರವಾಹವು ಸೆಕೆಂಡಿಗೆ ನಲವತ್ತು ಸಲ ಹಿಂದುಮುಂದಾದರೆ, ಸುರುಳಿಗೆ ಅಂಟಿದ ಶಂಕುವೂ, ಅದು ಎಂಟು ಅಂಗುಲದ್ದಾಗಲಿ ಹದಿನೈದು ಅಂಗುಲದ್ದಾಗಲಿ, ನಲವತ್ತು ಸಲವೇ ಚಲಿಸುತ್ತದೆ.

ಹಾಗಾದರೆ ಗಾತ್ರದ ಪ್ರಯೋಜನವೇನು? ಸ್ವರ ಹುಟ್ಟುವುದು ಬೇರೆ, ಕಿವಿಗೆ ತುಂಬುವುದು ಬೇರೆ. ಬಯಲಿನಲ್ಲಿ ಒಂದು ಸ್ಪೀಕರು ತನ್ನ ಸ್ವರವನ್ನು ಒಂದು ಸ್ಥಾಯಿಯಷ್ಟು ಕೆಳಗಿಳಿಸಿ, ಅಂದರೆ ಆವೃತ್ತಿಯನ್ನು ಅರ್ಧಕ್ಕೆ ತಂದು, ಧ್ವನಿಯ ಒತ್ತಡವನ್ನು ಮಾತ್ರ ಮೊದಲಿನಷ್ಟೇ ಉಳಿಸಿಕೊಳ್ಳಬೇಕಾದರೆ ಶಂಕುವಿನ ಚಲನೆ ನಾಲ್ಮಡಿಯಾಗಬೇಕು. ಇದರ ಮೇಲೆ, ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಮಾನವನ ಕಿವಿಯು ಮಂದ್ರಸ್ವರಗಳಿಗೆ ಬಹಳ ಮಂದ. ಮಧ್ಯಮ ಸ್ವರವೊಂದರಷ್ಟೇ ಸದ್ದಾಗಿ ಮಂದ್ರಸ್ವರವು ಕೇಳಿಸಬೇಕಾದರೆ ಅದಕ್ಕೆ ಹತ್ತಾರು ಡೆಸಿಬೆಲ್ ಅಧಿಕ ಬಲ ಬೇಕು. ಆದುದರಿಂದ ಸಬ್‌ವೂಫರಿನ ನಿಜವಾದ ಸಾಮರ್ಥ್ಯವೆಂದರೆ ಅದು ಒಂದು ತಳ್ಳಿಗೆ ಸರಿಸಬಲ್ಲ ಗಾಳಿಯ ಪ್ರಮಾಣ, ಎಂದರೆ ಶಂಕುವಿನ ವಿಸ್ತೀರ್ಣವನ್ನು ಅದರ ಚಲನೆಯಿಂದ ಗುಣಿಸಿ ಬಂದ ಲಬ್ಧ. ಎಂಟು ಅಂಗುಲದ ಸ್ಪೀಕರಿನ ಕಾರ್ಯಕಾರಿ ವಿಸ್ತೀರ್ಣ ಸುಮಾರು 215 ಚದರ ಸೆಂಟಿಮೀಟರು. ಹತ್ತರದ್ದು 340, ಹನ್ನೆರಡರದ್ದು 500, ಹದಿನೈದರದ್ದು 830ರ ಆಸುಪಾಸು. ಹತ್ತು ಅಂಗುಲದ ಎರಡು ಸ್ಪೀಕರುಗಳು ಸೇರಿದರೆ 680 ಆಗುವುದರಿಂದ, ಹನ್ನೆರಡು ಅಂಗುಲದ ಒಂದಕ್ಕಿಂತ ಅವು ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಗಾಳಿಯನ್ನು ಸರಿಸಬಲ್ಲವು. ಈ ಲೆಕ್ಕ ಟ್ರಕ್ಕಿನವರಿಗೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಸ್ಪೀಕರಿನಷ್ಟೇ ಮುಖ್ಯವಾದುದು, ಪ್ರಾಯಶಃ ಅದಕ್ಕಿಂತಲೂ ಮುಖ್ಯವಾದುದು, ಪೆಟ್ಟಿಗೆ. ಶಂಕುವು ಮುಂದಕ್ಕೆ ತಳ್ಳಿದಾಗ ಅದರ ಹಿಂಬದಿಯ ಗಾಳಿ ತೆಳುವಾಗುವುದರಿಂದ, ಎರಡೂ ಬದಿಗಳ ಅಲೆಗಳು ಸಂಧಿಸಿದರೆ ಮಂದ್ರಧ್ವನಿ ಪರಸ್ಪರ ವಿನಾಶಗೊಳ್ಳುತ್ತದೆ. ಪೆಟ್ಟಿಗೆ ಈ ಸಂಧಿಯನ್ನು ತಡೆಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಶಂಕುವನ್ನು ಹಿಂದಕ್ಕೊತ್ತುವ ಸ್ಪ್ರಿಂಗಾಗಿ ದುಡಿಸಿಕೊಳ್ಳಬಹುದೆಂದು 1954ರಲ್ಲಿ ಎಡ್ಗರ್ ವಿಲ್ಚರ್ ಅವರು ತೋರಿಸಿದ ಮೇಲೆಯೇ ಸಣ್ಣ ಪೆಟ್ಟಿಗೆಯಲ್ಲಿಯೂ ಆಳವಾದ ಸ್ವರ ಸಾಧ್ಯವಾಯಿತು. ಆದರೆ ಪೆಟ್ಟಿಗೆಯನ್ನು ಮಿತಿಮೀರಿ ಕುಗ್ಗಿಸಿದರೆ ಆ ಸ್ಪ್ರಿಂಗು ಅತಿಯಾಗಿ ಬಿಗಿಯುತ್ತದೆ: ತನ್ನಷ್ಟಕ್ಕೆ 30 ಹರ್ಟ್ಸಿನಲ್ಲಿ ಅನುರಣಿಸುವ, 60 ಲೀಟರ್ ಗಾಳಿಯಷ್ಟು ಮೃದುವಾದ ತೂಗುಕಟ್ಟುಳ್ಳ ಒಂದು ಸ್ಪೀಕರನ್ನು 60 ಲೀಟರಿನ ಪೆಟ್ಟಿಗೆಯಲ್ಲಿರಿಸಿದರೆ ಅನುರಣನವು 42 ಹರ್ಟ್ಸಿಗೂ, 20 ಲೀಟರಿನದರಲ್ಲಿ ತುರುಕಿದರೆ 60 ಹರ್ಟ್ಸಿಗೂ ಏರುತ್ತದೆ, ಮತ್ತು ಅದರಿಂದ ಕೆಳಗಿನ ಸ್ವರಗಳು ಪ್ರತಿ ಸ್ಥಾಯಿಗೆ 12 ಡೆಸಿಬೆಲ್ಲಿನಂತೆ ಕುಸಿಯುತ್ತವೆ. ಇಂಥ ಗಣನೆಗೆ ಆಧಾರವಾದ ಸೂತ್ರಗಳನ್ನು 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಅವರೂ, ಅನಂತರದ ದಶಕದಲ್ಲಿ ರಿಚರ್ಡ್ ಸ್ಮಾಲ್ ಅವರೂ ವ್ಯವಸ್ಥಿತಗೊಳಿಸಿದರು. ಪೆಟ್ಟಿಗೆಯ ಕಿರಿತನ, ಸ್ವರದ ಆಳ, ವಿದ್ಯುಚ್ಛಕ್ತಿಯ ಮಿತವ್ಯಯ ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದೆಂಬ, ಹಾಫ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಕಬ್ಬಿಣದ ನಿಯಮವನ್ನು ಯಾವ ತಯಾರಕನೂ ಮೀರಿಲ್ಲ. ಮೀರಿದ್ದೇನೆಂದು ಜಾಹೀರಾತು ಕೊಟ್ಟವನ ಮಾತನ್ನು ನಂಬತಕ್ಕದ್ದಲ್ಲ.

ಹೀಗಿರಲಾಗಿ, ಆಸನದ ಅಡಿಯಲ್ಲಿ ಅಂಗೈಯಗಲ ಸ್ಥಳಕ್ಕಾಗಿ ಹೆಣಗಬೇಕಾದ ಟ್ರಕ್ಕು ಮಂದ್ರಧ್ವನಿಗೆ ಅತ್ಯಂತ ಅಯೋಗ್ಯವೆಂದು ವಾಚಕರಿಗೆ ತೋರಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ, ಮತ್ತು ಈ ವಿಷಯದಲ್ಲೆಲ್ಲ ನನಗೆ ಅತ್ಯಂತ ರಮಣೀಯವೆನಿಸುವ ಸಂಗತಿಯೂ ಇದೇ. 40 ಹರ್ಟ್ಸಿನ ಧ್ವನಿಯ ತರಂಗದೂರ ಎಂಟೂವರೆ ಮೀಟರಿಗೂ ಹೆಚ್ಚು. ಟ್ರಕ್ಕಿನ ಕ್ಯಾಬಿನ್ ಒಳಗಿನ ಉದ್ದ ಎರಡೂವರೆ ಮೀಟರೆಂದು ಹಿಡಿದರೆ, ಸುಮಾರು 70 ಹರ್ಟ್ಸಿನ ಕೆಳಗೆ ಅರ್ಧ ತರಂಗಕ್ಕೂ ಅಲ್ಲಿ ಅವಕಾಶವಿಲ್ಲ. ಅಂಥ ಸ್ವರಗಳು ಕ್ಯಾಬಿನ್ನಿನೊಳಗೆ ಅಲೆಗಳಾಗಿ ಸಂಚರಿಸುವ ಬದಲು, ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೆ ಒತ್ತುತ್ತವೆ, ಒಟ್ಟಿಗೆ ಸಡಿಲಿಸುತ್ತವೆ. ಬಯಲಿನಲ್ಲಿ ಅನಿವಾರ್ಯವಾಗಿದ್ದ ನಾಲ್ಮಡಿ ಚಲನೆ ಇಲ್ಲಿ ಬೇಕಾಗುವುದಿಲ್ಲ. ಸಿದ್ಧಾಂತದಂತೆ ಈ ಲಾಭವು ಒಂದೊಂದು ಸ್ಥಾಯಿ ಕೆಳಗಿಳಿದಂತೆ 12 ಡೆಸಿಬೆಲ್ ಏರುತ್ತದೆ, ಎಂದರೆ ಮುಚ್ಚಿದ ಪೆಟ್ಟಿಗೆ ಕಳೆದುಕೊಳ್ಳುವುದೆಷ್ಟೋ ಅಷ್ಟನ್ನೇ ಕ್ಯಾಬಿನ್ ಮರಳಿ ಕೊಡುತ್ತದೆ. ಬಾಗಿಲುಗಳ ಸಂದಿಯೂ ತೆಳುತಗಡಿನ ಅದುರುವಿಕೆಯೂ ಒಂದಷ್ಟನ್ನು ಸೋರಿಸಿಬಿಡುವುದರಿಂದ ಲಾಭ ಪೂರ್ಣವಾಗಿ ಕೈಗೆ ಸಿಕ್ಕದಿದ್ದರೂ, ಸಿಕ್ಕಷ್ಟೇ ಬಹಳವಾಗುತ್ತದೆ. ಒಂದೇ ಸಾಲಿನ ಆಸನವುಳ್ಳ ಚಿಕ್ಕ ಕ್ಯಾಬಿನ್ನಿನಲ್ಲಿ ಈ ಲಾಭವು 100 ಹರ್ಟ್ಸಿನ ಮೇಲಿನಿಂದಲೇ ತೊಡಗುತ್ತದೆ. ವಿಶಾಲವಾದ ಮನೆಯ ಹಜಾರದಲ್ಲಿ ಎಂಟು ಅಂಗುಲದ ಸ್ಪೀಕರಿಗೆ ನಿಲುಕದ ಆಳವು ಟ್ರಕ್ಕಿನೊಳಗೆ ನಿಲುಕುವುದಕ್ಕೆ ಇದೇ ಕಾರಣ.

ಇನ್ನು ಅಳತೆಗೆ ಬರೋಣ. ಎರಡು ಸಾಲು ಆಸನಗಳ ಟ್ರಕ್ಕೊಂದರ ಹಿಂದಿನ ಆಸನದಡಿಯಲ್ಲಿ 120 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರದ ಸ್ಥಳವಿದೆಯೆಂದು ಇಟ್ಟುಕೊಳ್ಳೋಣ. ಸ್ಪೀಕರುಗಳನ್ನು ನೆಲದತ್ತ ಮುಖಮಾಡಿ ಕೂರಿಸಿ, ಗಾಳಿಯಾಡಲು ಕೆಳಗೆ 5 ಸೆಂಟಿಮೀಟರು ಬಿಟ್ಟು, 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಯಲ್ಲಿ 20 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಮಾಡಿಸಿದರೆ ಒಳಗೆ ದೊರೆಯುವುದು ಸುಮಾರು 50 ಲೀಟರು. ಹನ್ನೆರಡು ಅಂಗುಲದ ಸ್ಪೀಕರಿನ ಹೊರಚೌಕಟ್ಟು 30 ಸೆಂಟಿಮೀಟರನ್ನು ಮೀರುವುದರಿಂದ ಅದು ಅಲ್ಲಿ ಕೂರುವುದೇ ಇಲ್ಲ. ಹತ್ತು ಅಂಗುಲದ್ದು ಕೂರುತ್ತದೆ, ಅದರಲ್ಲಿಯೂ ಒಂದಲ್ಲ, ಎರಡು. ನಡುವೆ ಒಂದು ಅಡ್ಡಹಲಗೆ ಹಾಕಿ, ಸ್ಪೀಕರುಗಳೇ ಆಕ್ರಮಿಸುವ ಸ್ಥಳವನ್ನು ಕಳೆದರೂ ಪ್ರತಿಯೊಂದಕ್ಕೆ 20 ಲೀಟರಿಗೂ ಮಿಕ್ಕ ಗಾಳಿ ಉಳಿಯುವುದು. ಹತ್ತು ಅಂಗುಲದ ಅನೇಕ ಸ್ಪೀಕರುಗಳಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಬೇಕಾದುದೂ ಸರಿಸುಮಾರು ಅಷ್ಟೇ. ಒಂದೇ ಸಾಲಿನ ಟ್ರಕ್ಕಿನಲ್ಲಿ ಆಸನಕ್ಕೂ ಹಿಂಗೋಡೆಗೂ ನಡುವಣ ಸಂದಿಯಲ್ಲಿ ಎಂಟು ಅಂಗುಲದ್ದನ್ನೋ, ಹೆಚ್ಚೆಂದರೆ ಆಳ ಕಡಿಮೆಯಿರುವಂತೆ ಮಾಡಿದ ಹತ್ತು ಅಂಗುಲದ್ದನ್ನೋ ಆರಿಸಿಕೊಳ್ಳುವುದು ಯುಕ್ತ. ಹದಿನೈದು ಅಂಗುಲದ್ದಕ್ಕೆ 60 ಲೀಟರಿಗೂ ಮೇಲ್ಪಟ್ಟ ಪೆಟ್ಟಿಗೆ ಬೇಕಾಗುವುದರಿಂದ, ಹಿಂದಿನ ಆಸನವನ್ನೇ ಕಿತ್ತುಹಾಕಲು ಸಿದ್ಧನಿಲ್ಲದವನು ಅದರ ಆಸೆ ಬಿಡಬೇಕು. ಪೆಟ್ಟಿಗೆ ಆಸನದಡಿ ಮರೆಯಾಯಿತೆಂದು ಚಿಂತಿಸಬೇಕಾಗಿಲ್ಲ. 80 ಹರ್ಟ್ಸಿಗಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂದಿತೆಂದು ಕಿವಿ ಗುರುತಿಸಲಾರದು.

ರಂಧ್ರವುಳ್ಳ ಪೆಟ್ಟಿಗೆ ಹೆಚ್ಚು ಸದ್ದು ಮಾಡುವುದು ನಿಜವಾದರೂ, ಅದು ಹೆಚ್ಚು ಸ್ಥಳವನ್ನು ಬೇಡುತ್ತದೆ, ತಾನು ಶ್ರುತಿಗೊಂಡ ಸ್ವರದ ಕೆಳಗೆ ಸ್ಥಾಯಿಗೆ 24 ಡೆಸಿಬೆಲ್ಲಿನಂತೆ ಕುಸಿಯುತ್ತದೆ. ಸಂಗೀತಕ್ಕಾಗಿ ಕೇಳುವವರು ಟ್ರಕ್ಕಿನಲ್ಲಿ ಮುಚ್ಚಿದ ಪೆಟ್ಟಿಗೆಯನ್ನೇ ಹಿಡಿಯಲಿ. ಆಂಪ್ಲಿಫೈಯರನ್ನು ಆರಿಸುವಾಗ ಡಬ್ಬಿಯ ಮೇಲಣ ಗರಿಷ್ಠ ವ್ಯಾಟುಗಳ ದೊಡ್ಡ ಅಂಕಿಯನ್ನು ಬದಿಗಿಟ್ಟು, ನಿರಂತರವಾಗಿ ಕೊಡಬಲ್ಲ ಆರ್‌ಎಂಎಸ್ ವ್ಯಾಟನ್ನು ನೋಡಬೇಕು. ಶಕ್ತಿ ಇಮ್ಮಡಿಸಿದರೆ ಏರುವುದು ಮೂರೇ ಡೆಸಿಬೆಲ್. ಬ್ಯಾಟರಿಯಿಂದ ಹೊರಡುವ ದಪ್ಪ ತಂತಿಗೆ ಬ್ಯಾಟರಿಯ ಬಳಿಯಲ್ಲಿಯೇ, ಅರ್ಧ ಮೀಟರಿನೊಳಗೆ, ಫ್ಯೂಸ್ ಇರಿಸದೆ ಯಾರೂ ವಾಹನವನ್ನು ಹೊರಡಿಸಕೂಡದು.

ಹಣ ತೆರುವುದಕ್ಕೆ ಮುನ್ನ ವಾಚಕರು ಒಂದು ಕೆಲಸವನ್ನು ಅವಶ್ಯವಾಗಿ ಮಾಡಬೇಕೆಂದು ಕೋರುತ್ತೇನೆ: ಆಲೋಚಿಸಿದ ಪೆಟ್ಟಿಗೆಯ ಅಳತೆಗೆ ಸರಿಯಾಗಿ ರಟ್ಟಿನಿಂದ ಒಂದನ್ನು ಕತ್ತರಿಸಿ ಅಂಟಿಸಿ, ಆಸನದಡಿಯಲ್ಲಿರಿಸಿ, ಆಸನವನ್ನು ಪೂರ್ತಿಯಾಗಿ ಇಳಿಸಿ, ಅದರ ಮೇಲೆ ಒಬ್ಬರನ್ನು ಕೂರಿಸಿ ನೋಡಿ, ರಟ್ಟು ಎಲ್ಲಿಯೂ ಜಜ್ಜಿಹೋಗದಿದ್ದರೆ ಆ ಅಳತೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ.