ಪೇಟೆಯ ರಾತ್ರಿಗೇಕೆ ಇಷ್ಟು ಸೆಕೆ? ಕಟ್ಟಡದ ಲೆಕ್ಕ ತಪ್ಪುವುದೆಲ್ಲಿ?

ಬದಿಯಡ್ಕದ ಅಡಿಕೆ ತೋಟದ ನಡುವಣ ಮನೆಗೆ ರಾತ್ರಿ ಹತ್ತರ ಹೊತ್ತಿಗೆ ದೊರೆಯುವ ತಂಪು ಕಾಸರಗೋಡು ಪೇಟೆಯ ಬಹುಮಹಡಿ ವಸತಿಗೆ ದೊರೆಯದು. ಇದನ್ನು ವಿಜ್ಞಾನಿಗಳು ‘ನಗರ ಉಷ್ಣದ್ವೀಪ’ ಎನ್ನುತ್ತಾರೆ. ನಗರದ ರಾತ್ರಿಗಳು ಸುತ್ತಣ ಹಳ್ಳಿಗಳಿಗಿಂತ ಬೆಚ್ಚಗಿರುವುದನ್ನು ಲಂಡನ್ನಿನ ಲ್ಯೂಕ್ ಹೋವರ್ಡ್ 1818ರಷ್ಟು ಹಿಂದೆಯೇ ದಾಖಲಿಸಿದ್ದರು.

ಕಾಂಕ್ರೀಟು ಮತ್ತು ಡಾಮರು ಹಗಲೆಲ್ಲ ಹೀರಿದ ಶಾಖವನ್ನು ಇರುಳಿನಲ್ಲಿ ಹೊರಬಿಡುತ್ತವೆ. ಎದುರುಬದುರಾಗಿ ನಿಂತ ಎತ್ತರದ ಗೋಡೆಗಳ ನಡುವೆ ಆ ಶಾಖಕ್ಕೆ ಆಕಾಶದ ದಾರಿ ಕಿರಿದಾಗುತ್ತದೆ. ಹವಾನಿಯಂತ್ರಕಗಳು ಕೋಣೆಯ ಬಿಸಿಯನ್ನು ಬೀದಿಗೆ ಸುರಿಯುತ್ತವೆ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಹಸಿರಿನದೆಂದು ನಮ್ಮ ಭಾವನೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ದಿನಕ್ಕೆ ನೂರು ಲೀಟರ್ ನೀರನ್ನು ಆವಿಯಾಗಿಸುವ ದೊಡ್ಡ ಮರವು ಹಾಗಾದರೆ 67 ಯೂನಿಟ್‌ನಷ್ಟು ಶಾಖವನ್ನು ಹೀರುತ್ತದೆ. (ಕರಾವಳಿಯ ತೇವಗಾಳಿಯಲ್ಲಿ ಈ ಲಾಭ ಒಣನಾಡಿನಷ್ಟಿಲ್ಲ, ನೆರಳಿನ ಲಾಭವಂತೂ ತಪ್ಪದು.) ತಲಪಾಡಿಯಿಂದ ತೆಂಕಣಕ್ಕೆ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡಾಗ ಉರುಳಿದ ಸಾಲುಮರಗಳನ್ನು ಈ ಲೆಕ್ಕದಲ್ಲಿ ನೆನೆಯಬೇಕು.

ಇನ್ನು ಕಟ್ಟಡದ ಲೆಕ್ಕ. ಹೊಸ ಕಟ್ಟಡಕ್ಕೆ ಎಷ್ಟು ವಿದ್ಯುತ್ತು ಬೇಕಾದೀತೆಂದು ತಿಳಿಯಲು ಅಭಿಯಂತರರು ಗಣಕಯಂತ್ರದಲ್ಲಿ ಅದರ ಪ್ರತಿರೂಪವನ್ನು ರಚಿಸಿ, ವರ್ಷದ 8760 ಗಂಟೆಗಳ ಹವಾಮಾನವನ್ನು ಅದಕ್ಕೆ ಉಣಿಸುತ್ತಾರೆ. ಆ ಹವಾಮಾನವು ಬಹುಮಟ್ಟಿಗೆ ವಿಮಾನ ನಿಲ್ದಾಣದಂತಹ ಬಯಲು ಜಾಗದ ದಾಖಲೆ. ನಮ್ಮ ನೆರೆಯ ಬಜಪೆಯ ನಿಲ್ದಾಣವೂ ಗುಡ್ಡದ ತಲೆಯ ಮೇಲಿದೆ. ಅಲ್ಲಿನ ಗಾಳಿ ಪೇಟೆಯ ಓಣಿಯ ಗಾಳಿಯಲ್ಲ.

ಪರಿಣಾಮ ಅಲ್ಪವಲ್ಲ. ಒಳಗೆ 26 ಡಿಗ್ರಿ ಇರಿಸಬೇಕೆಂದುಕೊಳ್ಳೋಣ. ದಾಖಲೆಯಂತೆ ರಾತ್ರಿ ಹೊರಗೆ 28 ಡಿಗ್ರಿ, ನಿಜದಲ್ಲಿ 30. ಅಂತರ ಎರಡರಿಂದ ನಾಲ್ಕಕ್ಕೇರಿತು. ಗೋಡೆ, ಕಿಟಕಿಗಳ ಮೂಲಕ ಒಳಹರಿಯುವ ಶಾಖವೂ ಇಮ್ಮಡಿಯಾಯಿತು. ಹೊರಗಿನ ಬಿಸಿ ಹೆಚ್ಚಿದಷ್ಟೂ ಹವಾನಿಯಂತ್ರಕದ ದಕ್ಷತೆಯೂ ಕುಗ್ಗುತ್ತದೆ. ‘ರಾತ್ರಿ ಕಿಟಕಿ ತೆರೆದರೆ ಕಟ್ಟಡ ತಣಿಯುತ್ತದೆ’ ಎಂಬ ನಂಬಿಕೆಯ ಮೇಲೆ ರಚಿಸಿದ ವಿನ್ಯಾಸವಂತೂ ಕೈಕೊಡುತ್ತದೆ.

ವಸತಿ ಕಟ್ಟಡಗಳಿಗೆ 2018ರಲ್ಲಿ ಬಂದ ‘ಇಕೋ ನಿವಾಸ್ ಸಂಹಿತೆ’ಯು ಛಾವಣಿಯನ್ನುಳಿದ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್‌ಗಳ ಮಿತಿ ವಿಧಿಸಿದೆ. ಆದರೆ ಅದರ ಗುಣಾಂಕಗಳು ಹವಾಮಾನ ವಲಯಕ್ಕೊಂದರಂತೆ ನಿಗದಿಯಾಗಿವೆ: ಬಂದಡ್ಕದ ಕಾಡಂಚಿಗೂ ಕಾಸರಗೋಡಿನ ಬಸ್ ನಿಲ್ದಾಣಕ್ಕೂ ಒಂದೇ.

ಹವಾನಿಯಂತ್ರಕವಿಲ್ಲದ ನಮ್ಮ ಶಾಲೆಗಳಲ್ಲಿ ಈ ತಪ್ಪು ಬಿಲ್ಲಿನಲ್ಲಿ ಕಾಣದು, ಮಾರ್ಚಿಯ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಬೆವರಿನಲ್ಲಿ ಕಾಣುತ್ತದೆ. ಹಳೆಯ ಹಂಚಿನ ಮಾಡು ಸಂದುಗಳಿಂದ ಬಿಸಿಗಾಳಿಯನ್ನು ಬಿಟ್ಟು, ಸೂರ್ಯ ಮುಳುಗಿದೊಡನೆ ತಣಿಯುತ್ತಿತ್ತು. ಕಾಂಕ್ರೀಟಿನ ತಾರಸಿ ಮೈಯಲ್ಲಿ ಹಿಡಿದಿಟ್ಟ ಬಿಸಿಯನ್ನು ತಡರಾತ್ರಿಯವರೆಗೂ ಕೆಳಗಿಳಿಸುತ್ತದೆ. ಹೊಸ ಕೊಠಡಿಯ ನಕ್ಷೆ ರಕ್ಷಕ-ಶಿಕ್ಷಕ ಸಂಘದ ಮುಂದೆ ಬಂದಾಗ, ಲೆಕ್ಕಕ್ಕೆ ಬಳಸಿದ ಹವಾಮಾನ ಎಲ್ಲಿಯದೆಂದು ಪೋಷಕರು ಕೇಳಬಹುದು. ಶಾಲೆಯ ವಿಜ್ಞಾನ ಸಂಘವು ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಸಮುದ್ರದಿಂದ ಸಮದೂರದ ಎರಡು ಕಡೆ, ಪೇಟೆಯಲ್ಲೊಂದು ತೋಟದಲ್ಲೊಂದು, ಆಳೆತ್ತರದಲ್ಲಿ ತೂಗುಹಾಕಿ, ಒಂದು ತಿಂಗಳು ರಾತ್ರಿ ಒಂಬತ್ತಕ್ಕೆ ಓದಿ ಬರೆದಿಟ್ಟರೆ, ಆ ಲೆಕ್ಕದ ಪಕ್ಕದಲ್ಲಿಡಲು ಊರಿನದೇ ಅಂಕಿಗಳು ಸಿಗುತ್ತವೆ.