ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಅನಂತರದ ಊಟ: ಮನೆಯವರು ಅರಿಯಬೇಕಾದ ಸಂಗತಿಗಳು

2024ರ ಶ್ರಾವಣಮಾಸದಲ್ಲಿ ಭಕ್ತರೊಬ್ಬರ ಮನೆಯ ಗುರುಪ್ರವೇಶಕ್ಕೆ ನಾವು ಹೋಗಿದ್ದೆವು. ಪೂಜೆ ಮುಗಿದು ಪಂಕ್ತಿ ಕುಳಿತಾಗ ನಮ್ಮ ಪಕ್ಕದಲ್ಲಿ ಆ ಮನೆಯ ಕಿರಿಯ ಮಗ ಕುಳಿತಿದ್ದನು. ಮೂವತ್ತನಾಲ್ಕು ವರ್ಷದ ಉಪಾಧ್ಯಾಯ. ಮೊದಲು ಕಂಡಾಗ ಸ್ಥೂಲಕಾಯನಾಗಿದ್ದವನು ಅಂದು ಗುರುತು ಸಿಗದಷ್ಟು ಇಳಿದಿದ್ದನು. ಎಲೆಗೆ ಹೋಳಿಗೆ ಬಂದಿತು, ಮೇಲೆ ತುಪ್ಪ, ಹಾಲು. ಅವನು ಕೈ ಅಡ್ಡ ಹಿಡಿದನು. ನಾವು ಹಿರಿತನದ ಸಲುಗೆಯಿಂದ, "ಗುರುಪ್ರವೇಶದ ಪ್ರಸಾದ, ಒಲ್ಲೆ ಅನ್ನಬಾರದು ತಮ್ಮಾ" ಎಂದೆವು. ಅವನು ಮರುಮಾತಾಡದೆ ಉಂಡನು. ಇಪ್ಪತ್ತು ನಿಮಿಷ ಕಳೆದಿರಲಿಲ್ಲ, ಮೈಯೆಲ್ಲ ಬೆವರಿ, ಎದೆ ಹಾರಿ, ಹೊಟ್ಟೆ ಹಿಡಿದುಕೊಂಡು ಒಳಗಿನ ಕೋಣೆಗೆ ಹೋಗಿ ಮಲಗಿಬಿಟ್ಟನು.

ಅವನ ತಾಯಿ ನಮ್ಮ ಬಳಿಗೆ ಬಂದು ಮೆಲ್ಲನೆ ಹೇಳಿದರು: "ಗುರುಗಳ, ತಪ್ಪ ತಿಳೀಬ್ಯಾಡ್ರಿ. ಜನವರಿಯಾಗ ಅವನ ಹೊಟ್ಟಿ ಆಪರೇಶನ್ ಆಗೇತ್ರಿ. ಸಿಹಿ ತಡಿಯೂದಿಲ್ರಿ. ನೀವು ಅಂದ ಮ್ಯಾಲ ಇಲ್ಲ ಅನ್ನಲಿಕ್ಕೆ ಅವಗ ಬಾಯಿ ಬರಲಿಲ್ಲ."

ತಪ್ಪು ತಿಳಿಯಬೇಕಾದವರು ಅವರು, ನಾವಲ್ಲ. ನಾಲ್ವತ್ತು ವರ್ಷಗಳಿಂದ ಆಹಾರಶುದ್ಧಿ, ಮಿತಾಹಾರಗಳ ಕುರಿತು ಪ್ರವಚನ ಹೇಳುತ್ತ ಬಂದವರಿಗೆ, ಎದುರಿಗೆ ಕುಳಿತವನ ಹೊಟ್ಟೆಯ ಸ್ಥಿತಿ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಂತಹ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಾಲಗೆಯ ಚಪಲ ಬಿಡಲಾರದೆ ಹೊಟ್ಟೆ ಕೊಯ್ಸಿಕೊಂಡವರು ಎಂಬ ತಾತ್ಸಾರ ನಮ್ಮ ಮನಸ್ಸಿನಲ್ಲಿಯೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಆ ತರುಣನು ತನ್ನ ಚಿಕಿತ್ಸೆಯನ್ನು ಬಂಧುಗಳಿಂದ ಮರೆಮಾಚಿದ್ದುದು ಈ ತಾತ್ಸಾರಕ್ಕೆ ಅಂಜಿಯೇ. ಮುಂದೆ ಅವನೊಡನೆ ಎರಡು ಸಲ ಆಸ್ಪತ್ರೆಗೆ ಹೋಗಿ ಅಲ್ಲಿಯ ಆಹಾರ ಸಲಹೆಗಾರರ ಮಾತು ಕೇಳಿದೆವು. ಅವರ ಮನೆಯ ಅಡುಗೆಮನೆಯಲ್ಲಿ ಕುಳಿತು ಅವನ ಊಟದ ಕ್ರಮವನ್ನೂ ನೋಡಿದೆವು. ಅಲ್ಲಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು 1954ರಲ್ಲಿ ಕರುಳಿನ ಬಹುಭಾಗವನ್ನು ಬದಿಗಿರಿಸಿ ತೂಕ ಇಳಿಸುವ ಮಾರ್ಗವನ್ನು ವರದಿ ಮಾಡಿದರು. 1966ರಲ್ಲಿ ಅಯೋವದ ಎಡ್ವರ್ಡ್ ಮೇಸನ್ ಜಠರವನ್ನೇ ಕಿರಿದುಮಾಡುವ ಬೈಪಾಸ್ ವಿಧಾನವನ್ನು ಆರಂಭಿಸಿದರು. ಇಂದು ಮುಖ್ಯವಾಗಿ ಎರಡು ಬಗೆಗಳು ನಡೆಯುತ್ತವೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಉಳಿದುದನ್ನು ತೋಳಿನ ಆಕಾರದ ನಳಿಕೆಯಂತೆ ಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ನಮ್ಮ ತರುಣನಿಗೆ ಆದದ್ದು ಈ ಎರಡನೆಯದು. ಅವನ ತೂಕ 138 ಕಿಲೋ ಇತ್ತು, ಮಧುಮೇಹವೂ ಇತ್ತು.

ಹಸಿವೆಂಬುದು ಕೇವಲ ಸಂಯಮದ ಪ್ರಶ್ನೆಯಲ್ಲವೆಂಬುದನ್ನೂ ಅಲ್ಲಿಯೇ ಕಲಿತೆವು. ಜಠರದ ಮೇಲ್ಭಾಗದಲ್ಲಿ ಗ್ರೆಲಿನ್ ಎಂಬ ರಸದೂತವು ಹುಟ್ಟಿ ಮಿದುಳಿಗೆ ಹಸಿವನ್ನು ತಿಳಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಉಪವಾಸದಿಂದ ತೂಕ ಇಳಿಸಿದರೆ ಇದು ಏರುತ್ತದೆ, ದೇಹವು ಕಳೆದುಕೊಂಡುದನ್ನು ಮರಳಿ ಕೇಳುತ್ತದೆ. ಹತ್ತಾರು ಬಾರಿ ಪಥ್ಯಮಾಡಿ ಸೋತವರನ್ನು ಇನ್ನು ಮುಂದೆ ಹಳಿಯಲು ನಮ್ಮ ನಾಲಗೆ ಏಳದು.

ಚಿಕಿತ್ಸೆಯಾದೊಡನೆ ಊಟವು ಶಿಶುವಿನ ಊಟದಂತೆ ಮೊದಲಿನಿಂದ ಆರಂಭವಾಗುತ್ತದೆ. ಮೊದಲ ಒಂದೆರಡು ದಿನ ನೀರು, ಸೋಸಿದ ಬೇಳೆಕಟ್ಟು, ತಿಳಿಮಜ್ಜಿಗೆಗಳನ್ನು ಗುಟುಕುಗುಟುಕಾಗಿ ಕೊಡುತ್ತಾರೆ. ಬಳಿಕ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ತೆಳುವಾದ ಅಂಬಲಿಯಂತಹ ದ್ರವಗಳು. ಆಮೇಲೆ ನುಣ್ಣಗೆ ಅರೆದ ತೊವ್ವೆ, ಮೊಸರು, ಹಿಸುಕಿದ ಪನೀರು. ಒಂದು ತಿಂಗಳ ಆಚೆಗೆ ಮೆತ್ತಗೆ ಬೆಂದ ಪಲ್ಯ, ಕಾಳು. ಆರೆಂಟು ವಾರಗಳ ಹೊತ್ತಿಗೆ ಮನೆಯವರೆಲ್ಲ ಉಣ್ಣುವ ಊಟ, ಆದರೆ ಕಾಲಂಶದಷ್ಟು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಲೆಕ್ಕ ತುಸು ಹೆಚ್ಚುಕಡಿಮೆಯಾಗುತ್ತದೆ. ಶಸ್ತ್ರವೈದ್ಯರು ಬರೆದುಕೊಟ್ಟ ಚೀಟಿಯೇ ಪ್ರಮಾಣ. "ಪಾಪ, ಕೂಸು ಸೊರಗೇತಿ" ಎಂದು ಎರಡನೆಯ ವಾರದಲ್ಲಿಯೇ ಅನ್ನ ಕಲಸಿಕೊಡುವ ಅಜ್ಜಿಯರ ಪ್ರೀತಿ ಇಲ್ಲಿ ಅಪಾಯಕಾರಿ. ಹೊಲಿಗೆ ಇನ್ನೂ ಹಸಿಯಾಗಿರುತ್ತದೆ.

ಆ ಮನೆಯಲ್ಲಿ ನಾವು ಕಂಡ ಮೊದಲ ವಿಶೇಷವೆಂದರೆ ಊಟದ ನಿಧಾನ. ಸಣ್ಣ ಬಟ್ಟಲು, ಸಣ್ಣ ಚಮಚ. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು, ಅದು ಇಳಿದ ಮೇಲೆಯೇ ಮುಂದಿನದು. ಇಷ್ಟು ಕಡಿಮೆ ಊಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅವಸರಪಟ್ಟರೆ ತುತ್ತು ಎದೆಯಲ್ಲಿ ಸಿಕ್ಕಂತಾಗಿ, ಬಾಯಿತುಂಬ ಜೊಲ್ಲು ಬಂದು, ವಾಂತಿಯಾಗುತ್ತದೆ. ಮೆತ್ತನೆಯ ಬ್ರೆಡ್ಡು, ಚಪಾತಿ, ಅಂಟಂಟಾದ ಅನ್ನ ಇವು ಒಳಗೆ ಮುದ್ದೆಗಟ್ಟಿ ಬಹಳ ಕಾಡುವ ಪದಾರ್ಥಗಳು. ಬಿಸಿರೊಟ್ಟಿಯೂ ಅವನಿಗೆ ಆರಂಭದಲ್ಲಿ ಹೀಗೆಯೇ ಸಿಕ್ಕಿಕೊಂಡಿತಂತೆ. ಅವನ ತಾಯಿ ಖಡಕ್ ರೊಟ್ಟಿಯನ್ನು ಪುಡಿಮಾಡಿ ಬೇಳೆಯಲ್ಲಿ ನೆನೆಸಿ ಕೊಟ್ಟು ನೋಡಿದರು, ಅದು ಇಳಿಯಿತು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಒಂದೊಂದೇ ಹೊಸ ಪದಾರ್ಥವನ್ನು ಚೂರುಚೂರಾಗಿ ಪರೀಕ್ಷಿಸಬೇಕು.

ಎರಡನೆಯ ವಿಶೇಷ, ಅವನ ತಾಟಿನ ಪಕ್ಕದಲ್ಲಿ ನೀರಿನ ತಂಬಿಗೆ ಇರಲಿಲ್ಲ. ಊಟದ ಜೊತೆಗೆ ನೀರು ಕುಡಿದರೆ ಪುಟ್ಟ ಚೀಲ ಅದರಿಂದಲೇ ತುಂಬುತ್ತದೆ, ಇಲ್ಲವೆ ಅನ್ನವನ್ನು ಬೇಗನೆ ಕೆಳಕ್ಕೆ ತಳ್ಳುತ್ತದೆ. ಉಂಡ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಹಾಗೆಂದು ನೀರು ಕಡಿಮೆಯಾಗಕೂಡದು. ದಿನಕ್ಕೆ ಒಂದೂವರೆ ಲೀಟರಾದರೂ, ಗುಟುಕುಗುಟುಕಾಗಿ, ಇಡೀ ದಿನ. ಶಾಲೆಯಲ್ಲಿ ಪಾಠದ ನಡುನಡುವೆ ಗುಟುಕರಿಸುವುದನ್ನು ಅವನು ರೂಢಿಸಿಕೊಂಡಿದ್ದಾನೆ.

ಇನ್ನು ಏನನ್ನು ಉಣ್ಣಬೇಕೆಂಬ ವಿಚಾರ. ನಮ್ಮಂತಹ ಶಾಕಾಹಾರಿ ಮನೆತನಗಳಿಗೆ ಕಠಿಣವಾದುದು ಇದೇ. ತೂಕ ಇಳಿಯುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಊಟದ ಆಧಾರವಾದ ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ಮಾತ್ರ ಇದೆ, ಅಕ್ಕಿಯಲ್ಲಿ ಇನ್ನೂ ಕಡಿಮೆ. ಅರ್ಧ ರೊಟ್ಟಿಗೆ ಹೊಟ್ಟೆ ತುಂಬುವವನು ರೊಟ್ಟಿಯಿಂದ ಬದುಕಲಾರ. ಆಹಾರ ಸಲಹೆಗಾರರು ನಮ್ಮೆದುರಿಗೇ ಲೆಕ್ಕ ಹಾಕಿದರು: ಅರ್ಧ ಲೀಟರು ಹಾಲಿನಿಂದ 16 ಗ್ರಾಂ, ಕಾಲು ಕಿಲೋ ಮೊಸರಿನಿಂದ 8, ನೂರು ಗ್ರಾಂ ಪನೀರಿನಿಂದ 18, ಐವತ್ತು ಗ್ರಾಂ ತೊಗರಿಬೇಳೆಯಿಂದ 11, ಮೂವತ್ತು ಗ್ರಾಂ ಹೆಸರುಕಾಳಿನಿಂದ 7. ಕೂಡಿಸಿದರೆ 60. ಇಷ್ಟನ್ನು ಮೊದಲ ತಿಂಗಳುಗಳಲ್ಲಿ ಉಣ್ಣುವುದು ಅಸಾಧ್ಯವಾದ್ದರಿಂದಲೇ ಹಾಲಿನಿಂದ ತೆಗೆದ ಸಸಾರಜನಕದ ಪುಡಿಯನ್ನು ಬರೆದುಕೊಡುತ್ತಾರೆ. ಡಬ್ಬಿಯ ಪುಡಿಯೆಂದು ಹೀಗಳೆಯಬಾರದು.

ಆದ್ದರಿಂದ ಉಣ್ಣುವ ಕ್ರಮ ತಲೆಕೆಳಗಾಗಬೇಕು. ನಮ್ಮ ಪಂಕ್ತಿಗಳಲ್ಲಿ ಸಿಹಿಯೇ ಮುಂದು, ಕಾಳುಪಲ್ಯವೆಂಬುದು ಎಲೆಯ ಅಂಚಿನ ಶೃಂಗಾರ. ಇವನು ಮೊದಲು ಗಟ್ಟಿಬೇಳೆ, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿದ ಕಾಳು ಅಥವಾ ಪನೀರು ಮುಗಿಸುತ್ತಾನೆ. ಆಮೇಲೆ ಕಾಯಿಪಲ್ಯ. ಹೊಟ್ಟೆಯಲ್ಲಿ ಸ್ಥಳ ಉಳಿದರೆ ರೊಟ್ಟಿ. ಕಡಲೆಹಿಟ್ಟಿನ ಝುಣಕವನ್ನು ಎಣ್ಣೆ ಕಡಿಮೆಮಾಡಿ ಸಡಿಲವಾಗಿ ಮಾಡಿಕೊಡುತ್ತಾರೆ. ನಮ್ಮ ನಾಡಿನ ಈ ಪದಾರ್ಥ ಇಂತಹವರಿಗೆ ಬಹಳ ಅನುಕೂಲವಾಗಿದೆಯೆಂದು ನಮಗೆ ತೋರಿತು.

ಅಂದು ಹೋಳಿಗೆಯಿಂದ ಆದ ತೊಂದರೆಗೆ ಡಂಪಿಂಗ್ ಎಂದು ಹೆಸರು. ಜಠರದಲ್ಲಿ ನಿಂತು ನಿಧಾನವಾಗಿ ಇಳಿಯಬೇಕಾದ ಬೆಲ್ಲ ಸಕ್ಕರೆಗಳು ಒಮ್ಮೆಲೆ ಕರುಳಿಗೆ ಬೀಳುತ್ತವೆ, ಕರುಳು ರಕ್ತದಿಂದ ನೀರನ್ನು ಸೆಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷಗಳೊಳಗೆ ಬೆವರು, ಎದೆಬಡಿತ, ನುಲಿತ, ಭೇದಿ. ಕೆಲವರಿಗೆ ಒಂದರಿಂದ ಮೂರು ತಾಸಿನ ಬಳಿಕ ಬೇರೊಂದು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಏರಿದ ಸಕ್ಕರೆಯನ್ನು ಹಿಡಿಯಲು ಇನ್ಸುಲಿನ್ ಅತಿಯಾಗಿ ಸುರಿದು, ಸಕ್ಕರೆ ಕುಸಿದು, ಕೈನಡುಕ, ತಲೆಸುತ್ತು ಬರುತ್ತವೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಲ್ಲಿಯೂ ಇಲ್ಲದಿಲ್ಲ. ಹೋಳಿಗೆಯ ಮೇಲೆ ಹಾಲು ಸುರಿದದ್ದು ಇನ್ನಷ್ಟು ಕೆಡಿಸಿತೆಂದು ವೈದ್ಯರು ಹೇಳಿದಾಗ ನಮಗೆ ತಲೆ ತಗ್ಗಿಸುವಂತಾಯಿತು.

ಮಾತ್ರೆಗಳ ವಿಷಯದಲ್ಲಿ ಅನೇಕರು ವರ್ಷದೊಳಗೆ ಉದಾಸೀನರಾಗುತ್ತಾರೆ. ಇವು ಜೀವಮಾನವಿಡೀ ಬೇಕಾದವು. ಬಿ12 ಜೀವಸತ್ವವನ್ನು ದೇಹ ಹೀರಿಕೊಳ್ಳಲು ಜಠರದ ಆಮ್ಲವೂ ಅಲ್ಲಿಯೇ ಸ್ರವಿಸುವ ಇನ್ನೊಂದು ದ್ರವ್ಯವೂ ಬೇಕು. ಮಾಂಸ, ಮೊಟ್ಟೆ ಮುಟ್ಟದ ನಮಗೆ ಅದು ಸಹಜವಾಗಿ ದೊರೆಯುವುದು ಹಾಲು ಮೊಸರಿನಿಂದ ಮಾತ್ರ. ಹೀಗೆ ಎರಡೂ ಕಡೆಯಿಂದ ಕೊರತೆ. ಕಬ್ಬಿಣಾಂಶ, ಸುಣ್ಣಾಂಶ, ಡಿ ಜೀವಸತ್ವಗಳೂ ಅಷ್ಟೇ ಅಗತ್ಯ. ಸುಣ್ಣಾಂಶ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಅದನ್ನು ಒಮ್ಮೆಗೇ ನುಂಗದೆ ಎರಡು ಮೂರು ಸಲಕ್ಕೆ ಹಂಚಿಕೊಳ್ಳಬೇಕು. ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ ನಡುವೆ ಎರಡು ತಾಸಿನ ಅಂತರವಿರಲಿ. ಕಬ್ಬಿಣದ ಮಾತ್ರೆಯೊಡನೆ ಚಹಾ ಕಾಫಿ ಸಲ್ಲದು. ಕೆಲವು ಕ್ಯಾಪ್ಸೂಲುಗಳ ಕವಚವು ಪ್ರಾಣಿಗಳ ಎಲುಬು ತೊಗಲಿನಿಂದ ತೆಗೆದ ಜಿಲಾಟಿನ್‌ನಿಂದ ಆಗಿರುತ್ತದೆಂಬ ಕಾರಣಕ್ಕೆ ಔಷಧಿಯನ್ನೇ ಬಿಟ್ಟ ಗೃಹಿಣಿಯೊಬ್ಬರನ್ನು ನಾವು ಬಲ್ಲೆವು. ಬಿಡುವುದೇಕೆ? ವೈದ್ಯರಿಗೆ ತಿಳಿಸಿದರೆ ಗುಳಿಗೆ, ಪುಡಿ, ಚುಚ್ಚುಮದ್ದುಗಳಲ್ಲಿ ಒಪ್ಪುವುದನ್ನು ಬರೆದುಕೊಡುತ್ತಾರೆ.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು, ಬಹುಪಾಲು ತಾನಾಗಿಯೇ ಮರಳುತ್ತದೆ. ತಾಯಂದಿರು ಲಕ್ಷಿಸಬೇಕಾದ ಇನ್ನೊಂದು ಸಂಗತಿ: ಚಿಕಿತ್ಸೆಯಾದ ಹೆಣ್ಣುಮಕ್ಕಳು ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವೈದ್ಯರ ಸಲಹೆ. ಆ ಅವಧಿಯಲ್ಲಿ ಸೊಸೆಯನ್ನು "ಏನಾದರೂ ವಿಶೇಷ ಐತೇನ" ಎಂದು ಪೀಡಿಸದಿರುವುದು ಒಳಿತು.

ವಾಂತಿ ಮಾತ್ರ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಅವಸರದಿಂದ ಉಂಡು ಒಮ್ಮೆ ವಾಂತಿಯಾಗುವುದು ಬೇರೆ. ದಿನದಿನವೂ ಆಗುತ್ತಿದ್ದರೆ ಬಿ1 ಜೀವಸತ್ವ ಕೆಲವೇ ವಾರಗಳಲ್ಲಿ ಬತ್ತಿ, ಕಣ್ಣಿನ ಓಟ ತಪ್ಪುವುದು, ನಡಿಗೆ ತೂರಾಡುವುದು, ಮನಸ್ಸು ಗಲಿಬಿಲಿಯಾಗುವುದು ಮುಂತಾದ ಚಿಹ್ನೆಗಳು ತೋರುತ್ತವೆ. ತಡಮಾಡಿದರೆ ಮಿದುಳಿಗಾದ ಹಾನಿ ಸರಿಹೋಗದು. ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂಡದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮೈಕೈ ನೋವಿಗೆ ಅಂಗಡಿಯ ನೋವಿನ ಗುಳಿಗೆಗಳನ್ನು ತಾವಾಗಿ ನುಂಗಬಾರದು, ಬೈಪಾಸ್ ಆದವರಿಗೆ ಅವುಗಳಲ್ಲಿ ಹಲವು ಜೋಡಣೆಯ ಬಳಿ ಹುಣ್ಣು ತರುತ್ತವೆ.

ಉಪವಾಸದ ಕುರಿತು ಅನೇಕ ಭಕ್ತರು ಕೇಳುತ್ತಾರೆ. ಸೋಮವಾರ, ಶಿವರಾತ್ರಿಗಳಂದು ನೀರನ್ನೂ ಬಿಟ್ಟು ಇರುವುದು ಇವರಿಗೆ ತರವಲ್ಲ. ಸಾಬುದಾಣಿ ಖಿಚಡಿ, ಕರಿದ ಆಲೂಗಡ್ಡೆಗಳ ಫಲಾಹಾರದಲ್ಲಿಯೂ ಸಸಾರಜನಕವಿಲ್ಲ, ಬರಿಯ ಪಿಷ್ಟ. ಹಾಲು ಮಜ್ಜಿಗೆಗಳ ಮೇಲೆ ಆ ದಿನ ಕಳೆಯಬಹುದು, ಅದೂ ವೈದ್ಯರನ್ನು ಕೇಳಿ. ಪೂಜೆಗೆ ಅದರಿಂದ ಕೊರತೆಯೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ವರ್ಷ ಕಳೆದ ಮೇಲೆ ಬೇರೊಂದು ತೊಡಕು. ಚೀಲ ತುಸು ಸಡಿಲಾಗುತ್ತದೆ, ಹಸಿವು ಮರಳುತ್ತದೆ. ರೊಟ್ಟಿ ಪಲ್ಯಗಳು ಹೊಟ್ಟೆಯನ್ನು ಬೇಗ ತುಂಬಿಸಿದರೆ ಶೇವು, ಚೂಡಾ, ಬಿಸ್ಕತ್ತು, ಐಸ್‌ಕ್ರೀಮು, ಸಕ್ಕರೆ ಹಾಕಿದ ಚಹಾ ಇವು ಸರಾಗವಾಗಿ ಜಾರಿಹೋಗುತ್ತವೆ. ಇಡೀ ದಿನ ಚಿಟಿಕೆ ಚಿಟಿಕೆಯಾಗಿ ಬಾಯಾಡಿಸುವವರು ಕಳೆದ ತೂಕವನ್ನು ಮರಳಿ ಪಡೆಯುತ್ತಾರೆ. ನಮ್ಮ ತರುಣನಿಗೂ ಎರಡನೆಯ ವರ್ಷದಲ್ಲಿ ನಾಲ್ಕು ಕಿಲೋ ಏರಿತು. ಶಾಲೆ ಬಿಟ್ಟ ಮೇಲೆ ಗೆಳೆಯರೊಡನೆ ಗಿರ್ಮಿಟ್ಟು ಮಿರ್ಚಿ ತಿನ್ನತೊಡಗಿದ್ದೇ ಕಾರಣವೆಂದು ಅವನೇ ನಗುತ್ತ ಒಪ್ಪಿದನು. ಈಗ ಆ ಹೊತ್ತಿಗೆ ಹುರಿದ ಕಡಲೆ ಒಯ್ಯುತ್ತಾನೆ, ಮೂರು ಊಟಗಳ ವೇಳೆಯನ್ನು ತಪ್ಪಿಸುವುದಿಲ್ಲ.

ಉಳಿದದ್ದು ಪ್ರಸಾದದ ಪ್ರಶ್ನೆ. ನೀಡಿಸಿಕೊಂಡುದನ್ನು ಚೆಲ್ಲಬಾರದೆಂಬ ನೇಮವನ್ನು ನಾವು ಬಿಡುವವರಲ್ಲ. ಆದರೆ ಆ ನೇಮ ಇರುವುದು ನೀಡಿಸಿಕೊಂಡುದಕ್ಕೆ. ಬಲವಂತವಾಗಿ ನೀಡುವವರು ಅದರ ಭಾರವನ್ನು ಉಣ್ಣುವವನ ಮೇಲೆ ಹೊರಿಸಿದಂತೆ ಆಗುತ್ತದೆ. ಮಠದಲ್ಲಿ ಬಡಿಸುವ ಹುಡುಗರಿಗೆ ನಾವು ಈಗ ಹೇಳಿರುವುದಿಷ್ಟು: ಯಾರಾದರೂ ಕೈ ಅಡ್ಡ ಹಿಡಿದರೆ ಕಾರಣ ಕೇಳಬೇಡಿ, ಒಂದು ಚಮಚ ನೀಡಿ ಮುಂದೆ ಸಾಗಿರಿ.

2025ರ ಜಾತ್ರೆಯ ದಾಸೋಹದಲ್ಲಿ ಅವನು ಮತ್ತೆ ನಮ್ಮ ಪಕ್ಕದಲ್ಲಿ ಕುಳಿತನು. ಎಲೆಯ ಮೇಲೆ ಒಂದು ಚಮಚ ಹುಗ್ಗಿ, ಒಂದು ಸೌಟು ಗಟ್ಟಿಬೇಳೆ, ಅಂಗೈಯಗಲ ರೊಟ್ಟಿ. ಪಂಕ್ತಿಯವರೆಲ್ಲ ಉಂಡು ಎದ್ದರು. ಅವನದು ಅರ್ಧವೂ ಆಗಿರಲಿಲ್ಲ, ಸಂಕೋಚದಿಂದ ಅತ್ತಿತ್ತ ನೋಡಿದನು. "ಸಾವಕಾಶ ಊಟ ಮಾಡು ತಮ್ಮಾ" ಎಂದು ಹೇಳಿ, ಬರಿದಾದ ಎಲೆಯ ಮುಂದೆ ನಾವು ಇನ್ನೂ ಕಾಲು ತಾಸು ಕುಳಿತೆವು.